ಬ್ಲೋಯರಿನೊಳಗೊಂದು ರಾಗಿಕಣ

ಪುಷ್ಯಮಾಸದ ಒಂದು ಮುಂಜಾವು ಮಾಗಡಿಯ ಕಡೆಯಿಂದ ಹೊರಟು, ಗುಡೇಮಾರನಹಳ್ಳಿಯ ಹ್ಯಾಂಡ್‌ಪೋಸ್ಟಿನಲ್ಲಿ ಹಾಸನದ ಹೆದ್ದಾರಿಯನ್ನು ಸೇರಬೇಕೆಂದಿದ್ದ ನನಗೆ, ಆ ಕೂಡುದಾರಿ ಇನ್ನೂ ಒಂದು ಕೂಗಳತೆಯಿರುವಾಗಲೇ, ಕಾರಿನ ಮುಂಗಾಜು ಒಳಗಿನಿಂದ ಸುಣ್ಣ ಬಳಿದಂತೆ ಬೆಳ್ಳಗಾಗಿ, ರಸ್ತೆಯೂ ಅದರ ಬದಿಯ ಮರಗಳೂ ಏಕಕಾಲದಲ್ಲಿ ಅದೃಶ್ಯವಾದುವು. ಹಿಂದಿನ ಆಸನದಲ್ಲಿ ನನ್ನ ಹೆಂಡತಿ ಮತ್ತು ಅತ್ತೆಯವರು, ಅವರಿಬ್ಬರ ನಡುವೆ, ಇಬ್ಬನಿ ಆರುವ ಮೊದಲೇ ಹೊಲದಿಂದ ಕಿತ್ತು ತುಂಬಿದ್ದ ಅರ್ಧ ಮೂಟೆ ಸೊಗಡವರೆಕಾಯಿ. ಮೂವರ ಉಸಿರಿಗೆ ಆ ಮೂಟೆಯ ತೇವವೂ ಕೂಡಿಕೊಂಡಿತ್ತೆಂಬುದು ಆಮೇಲೆ ಹೊಳೆದ ಮಾತು. ಆ ಕ್ಷಣದಲ್ಲಿ ನಾನು ಮಾಡಿದುದು ಎಲ್ಲರೂ ಮಾಡುವಂಥದೇ: ಬ್ಲೋಯರಿನ ಗುಂಡಿಯನ್ನು ತಿರುಗಿಸಿದೆ. ಒಂದನೆಯ ಮೆಟ್ಟಿಲಿನಲ್ಲಿ ಮೌನ, ಎರಡನೆಯದರಲ್ಲಿ ಮೌನ, ಮೂರನೆಯದರಲ್ಲಿಯೂ ಮೌನ. ನಾಲ್ಕನೆಯದರಲ್ಲಿ ಮಾತ್ರ, ಒಣಗಿದ ಗಾಡಿಯಚ್ಚು ಕಿರುಗುಟ್ಟಿದಂತೆ ಒಂದು ಸದ್ದು ಹೊರಟು, ಗಾಜಿನ ಬುಡದಿಂದ ಒಂದಿಷ್ಟು ಗಾಳಿ ಬಂದು, ಅದೂ ನಿಂತುಹೋಯಿತು.

“ಬಟ್ಟೇಲಿ ಒರೆಸ್ಕೊಳ್ಳಿ ಅಳಿಯಂದ್ರೇ” ಎಂದು ಅತ್ತೆಯವರು ಸೆರಗಿನ ತುದಿಯನ್ನೇ ಮುಂದೆ ಚಾಚಿದರು. ಒರೆಸಿದ ಕಡೆ ನೀರಿನ ಗೆರೆಗಳು ಮೂಡಿ, ಎದುರಿನಿಂದ ಬರುವ ಲಾರಿಯ ದೀಪ ಒಂದಕ್ಕೆ ಹತ್ತಾಗಿ ಒಡೆದು ಕಾಣತೊಡಗಿದುದರಿಂದ, ಗಾಡಿಯನ್ನು ಬದಿಗೆ ನಿಲ್ಲಿಸಿ, ನಾಲ್ಕೂ ಕಿಟಕಿಗಳನ್ನು ಇಳಿಸಿ, ಬಿಸಿಲೇರುವತನಕ ಕಾಯುವುದೇ ವಿವೇಕವೆಂದು ತೋರಿತು. ಹಾಗೆ ಕಾಯುತ್ತಿದ್ದ ಮುಕ್ಕಾಲು ಗಂಟೆಯ ಫಲವೇ ಈ ಲೇಖನ.

ಹೀಟರು ಶೀತದೇಶದವರ ಸಲಕರಣೆ, ನಮ್ಮ ಸೀಮೆಗೆ ಅದೇಕೆ ಎಂಬ ಮಾತನ್ನು ನಾನೇ ಹಲವು ಸಲ ಆಡಿದವನು. ಬೆಂಗಳೂರಿನ ಹವಾಮಾನದ ದಾಖಲೆಗಳಲ್ಲಿ ಅತ್ಯಂತ ಕೆಳಗಿಳಿದ ಉಷ್ಣತೆಯೆಂದರೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ಅಷ್ಟು ಚಳಿಯನ್ನು ಒಂದು ಕಂಬಳಿ ತಡೆಯಬಲ್ಲದು. ಆದರೆ ಕಂಬಳಿಯನ್ನು ಗಾಜಿಗೆ ಹೊದಿಸಲಾಗದಷ್ಟೆ! ಹೊರಗಿನ ಶೀತಕ್ಕೆ ತಣ್ಣಗಾದ ಗಾಜಿಗೆ ಒಳಗಿನ ಆರ್ದ್ರವಾದ ಉಸಿರು ತಗುಲಿದೊಡನೆ, ಅದರಲ್ಲಿನ ನೀರಾವಿಯು ಸೂಕ್ಷ್ಮವಾದ ಹನಿಗಳಾಗಿ ಘನೀಭವಿಸುತ್ತದೆ. ಇದನ್ನು ತೊಲಗಿಸಲು ಎರಡೇ ಉಪಾಯಗಳು, ಗಾಜನ್ನು ಬೆಚ್ಚಗೆ ಮಾಡುವುದು ಮತ್ತು ಒಳಗಿನ ಗಾಳಿಯನ್ನು ಒಣಗಿಸುವುದು. ಎರಡಕ್ಕೂ ಬೇಕಾದುದು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಅದೇ ಒಂದು ಫ್ಯಾನು. ಚಳಿಗಾಲದ ಬಿಸಿಗಾಳಿಗೆ ಬೇರೆ, ಬೇಸಗೆಯ ಏಸಿಗೆ ಬೇರೆ ಎಂದು ಎರಡು ಫ್ಯಾನುಗಳು ಸಣ್ಣ ಕಾರುಗಳಲ್ಲಿ ಇರುವುದಿಲ್ಲ. ಶಿರಾಡಿ ಘಾಟಿಯಲ್ಲಿ ಆಷಾಢದ ಮಳೆ ಹಿಡಿದಾಗ ನಮ್ಮ ಕಣ್ಣನ್ನು ಕಾಯತಕ್ಕದ್ದೂ ಅದೇ ಆದುದರಿಂದ, ಅದು ಕೆಟ್ಟುದನ್ನು ‘ಹೇಗೂ ಚಳಿಯಿಲ್ಲವಲ್ಲ’ ಎಂದು ವರ್ಷಗಟ್ಟಲೆ ಮುಂದೂಡುವುದು ವೈಪರ್ ಇಲ್ಲದೆ ಗಾಡಿಯೋಡಿಸುವುದಕ್ಕಿಂತ ಬಹಳ ಉತ್ತಮವಾದ ಪದ್ಧತಿಯೇನಲ್ಲ.

ಈ ಯಂತ್ರದ ರಚನೆ ಹೊರನೋಟಕ್ಕೆ ತೋರುವಷ್ಟು ಗಹನವಲ್ಲ. ಇಂಜಿನ್ನನ್ನು ಸುತ್ತಿ ಎಂಬತ್ತು ತೊಂಬತ್ತು ಡಿಗ್ರಿಗೆ ಕಾದುಬರುವ ನೀರಿನ ಒಂದು ಪಾಲು ಡ್ಯಾಶ್‌ಬೋರ್ಡಿನೊಳಗಿನ ಪುಟ್ಟ ರೇಡಿಯೇಟರಿನ ಮೂಲಕ ಹರಿಯುತ್ತದೆ. ಅದರ ಮೇಲೆ ಗಾಳಿಯನ್ನು ನೂಕುವುದು ಬ್ಲೋಯರಿನ ಕೆಲಸ. ಬ್ಲೋಯರೆಂದರೆ 12 ವೋಲ್ಟಿನ ಒಂದು ಡಿ.ಸಿ. ಮೋಟಾರು, ಅದರ ದಂಡಕ್ಕೆ ಸಿಕ್ಕಿಸಿದ, ಅಳಿಲುಗೂಡಿನಂತೆ ಸುತ್ತಲೂ ಕಿರಿಯ ಎಸಳುಗಳುಳ್ಳ ಪ್ಲಾಸ್ಟಿಕ್ಕಿನ ಚಕ್ರ. ಗುಂಡಿಯ ಕೆಳಮೆಟ್ಟಿಲುಗಳಲ್ಲಿ ವಿದ್ಯುತ್ತು ನೇರವಾಗಿ ಮೋಟಾರಿಗೆ ಹರಿಯದೆ, ರೆಸಿಸ್ಟರ್ ಎಂಬ ತಂತಿಸುರುಳಿಗಳನ್ನು ಹಾದು ಕ್ಷೀಣವಾಗಿ ಹೋಗುತ್ತದೆ. ಕೊನೆಯ ಮೆಟ್ಟಿಲಿನಲ್ಲಿ ಮಾತ್ರ ಆ ಸುರುಳಿಗಳ ಗೊಡವೆಯಿಲ್ಲ. ಸುರುಳಿಗಳು ಕಾಯುವುದು ಸಹಜವಾದುದರಿಂದ, ರಚಿಸಿದವರು ಅವನ್ನು ಗಾಳಿಯ ದಾರಿಯಲ್ಲಿಯೇ ಕೂರಿಸಿ, ಫ್ಯಾನಿನ ಗಾಳಿಯಿಂದ ಅವೂ ತಂಪಾಗುವಂತೆ ಮಾಡಿರುತ್ತಾರೆ. ಅತಿಯಾಗಿ ಕಾದರೆ ಕರಗಿ ದಾರಿಯನ್ನು ಕಡಿಯತಕ್ಕ ಒಂದು ಕಿರಿಯ ಕೊಂಡಿಯನ್ನೂ ಅಲ್ಲಿ ಬೆಸೆದಿರುವುದುಂಟು.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಒಂದು ತಿರುಪನ್ನೂ ಬಿಚ್ಚುವ ಮೊದಲೇ, ಗುಂಡಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸಿ ರೋಗದ ನೆಲೆಯನ್ನು ಬಹುಮಟ್ಟಿಗೆ ಊಹಿಸಬಹುದು. ಕೊನೆಯ ಮೆಟ್ಟಿಲಿನಲ್ಲಿ ಮಾತ್ರ ಓಡಿ ಉಳಿದುವುಗಳಲ್ಲಿ ಓಡದಿದ್ದರೆ ರೆಸಿಸ್ಟರು ಸುಟ್ಟಿದೆಯೆಂದು ಹೆಚ್ಚುಕಡಮೆ ಖಂಡಿತವಾಗಿ ಹೇಳಬಹುದು. ಇದಕ್ಕೆ ವಿಪರೀತವಾಗಿ, ಕೆಳಮೆಟ್ಟಿಲುಗಳಲ್ಲಿ ಓಡಿ ಕೊನೆಯದರಲ್ಲಿ ನಿಂತರೆ ಸಂಶಯ ಹೋಗಬೇಕಾದುದು ಗುಂಡಿಯ ಹಿಂದಿನ ಸ್ವಿಚ್ಚಿನ ಮೇಲೆ, ಅಥವಾ ರಿಲೇ ಇದ್ದರೆ ಅದರ ಮೇಲೆ. ಯಾವುದರಲ್ಲಿಯೂ ಓಡದಿದ್ದರೆ ಮೊದಲು ಫ್ಯೂಸು, ಆಮೇಲೆ ಮೋಟಾರಿಗೆ ಕರೆಂಟು ಬರುತ್ತಿದೆಯೇ ಎಂಬುದು, ಅದಾದ ಮೇಲೆ ಅರ್ಥ್ ತಂತಿ. ಡ್ಯಾಶ್‌ಬೋರ್ಡಿನ ಕೆಳಗೆ ತಿರುಪುಳಿಯ ಹಿಡಿಯಿಂದ ಮೆಲ್ಲನೆ ತಟ್ಟಿದಾಗ ತಟಕ್ಕನೆ ಎದ್ದು ಓಡಿದರೆ, ಕಾರ್ಬನ್ ಸವೆದಿದೆ. ಟಿಕ್ ಟಿಕ್ ಎಂದು ವೇಗಕ್ಕೆ ತಕ್ಕಂತೆ ಲೆಕ್ಕ ಹಿಡಿದ ಸದ್ದು ಬಂದರೆ ಎಲೆಯೋ ಕಡ್ಡಿಯೋ ಎಸಳಿಗೆ ಸಿಕ್ಕಿದೆ. ಚಳಿಯ ಬೆಳಗಿನಲ್ಲಿ ಕಿರುಗುಟ್ಟಿ ಗಾಡಿ ಬಿಸಿಯಾದ ಮೇಲೆ ಸುಮ್ಮನಾದರೆ ಬುಷ್ ಒಣಗಿದೆ. ಫ್ಯಾನು ಚೆನ್ನಾಗಿ ಓಡುತ್ತಿದ್ದೂ ಗಾಳಿ ಬಿಸಿಯಾಗದಿದ್ದರೆ ಅದು ನೀರಿನ ದೋಷ, ಫ್ಯಾನಿನದಲ್ಲ. ರೇಡಿಯೇಟರಿನಲ್ಲಿ ನೀರು ಕಡಮೆಯಾಗಿರಬಹುದು, ಹೀಟರಿನ ಕವಾಟದ ಕೇಬಲ್ ಜಾರಿರಬಹುದು. ಇಂಜಿನ್ ಬಿಸಿಯಿರುವಾಗ ಆ ಕೊಳವೆಗಳ ತಂಟೆಗೆ ಹೋಗದಿರುವುದು ಕ್ಷೇಮ.

ಫ್ಯೂಸಿನ ವಿಷಯದಲ್ಲಿ ಒಂದು ಕಠಿಣವಾದ ಮಾತು. ಪೆಟ್ಟಿಗೆಯ ಮುಚ್ಚಳದ ಮೇಲೆ ಎಷ್ಟು ಆಂಪಿಯರ್ ಎಂದು ಬರೆದಿದೆಯೋ ಅಷ್ಟರದೇ ಹಾಕತಕ್ಕದ್ದು. ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಸುತ್ತಿ ‘ಊರು ಸೇರಿದರೆ ಸಾಕು’ ಎನ್ನುವವರನ್ನು ನಾನು ಕಂಡಿದ್ದೇನೆ. ಫ್ಯೂಸು ಮತ್ತೆ ಮತ್ತೆ ಹಾರುತ್ತಿದ್ದರೆ ಎಲ್ಲೋ ಮೋಟಾರು ಬಿಗಿಹಿಡಿದಿದೆ, ಇಲ್ಲವೇ ತಂತಿಯ ಹೊದಿಕೆ ಹರಿದು ಬಾಡಿಗೆ ತಗುಲುತ್ತಿದೆ. ಆಗ ಫ್ಯೂಸಿನ ಬಾಯಿ ಮುಚ್ಚಿಸಿದರೆ ಉರಿಯುವುದು ಡ್ಯಾಶ್‌ಬೋರ್ಡು.

ನನ್ನ ಗಾಡಿಗೆ ಬರುತ್ತೇನೆ. ಮೊದಲ ಮೂರು ಮೆಟ್ಟಿಲು ಸತ್ತಿದ್ದುದರಿಂದ ರೆಸಿಸ್ಟರು ಹೋಗಿದೆಯೆಂಬುದು ಸ್ಪಷ್ಟವಾಗಿತ್ತು. ಆದರೆ ನಾಲ್ಕನೆಯದೂ ಕಿರುಗುಟ್ಟಿ ನಿಂತಿತ್ತಲ್ಲ! ಹಿಂದಿನ ವರ್ಷವೂ ಇದೇ ಮೂರು ಮೆಟ್ಟಿಲು ಕೆಟ್ಟು, ಪಟ್ಟಣದ ಒಂದು ವರ್ಕ್‌ಷಾಪಿನಲ್ಲಿ ಹೊಸ ರೆಸಿಸ್ಟರನ್ನು ಹಾಕಿಸಿದ್ದೆ. ಮೋಟಾರನ್ನು ಯಾರೂ ಬಿಚ್ಚಿ ನೋಡಿರಲಿಲ್ಲ, ನೋಡಿಯೆಂದು ನಾನೂ ಹೇಳಿರಲಿಲ್ಲ. ಈಗ ಅದೇ ವರ್ಕ್‌ಷಾಪಿನವರು ಬ್ಲೋಯರಿನ ಪೆಟ್ಟಿಗೆಯನ್ನೇ ಸಮಗ್ರವಾಗಿ ಬದಲಾಯಿಸಬೇಕೆಂದೂ, ಅದು ಈಗ ಬರುವುದಿಲ್ಲವೆಂದೂ, ಆದುದರಿಂದ ಗಾಡಿಯನ್ನೇ ಬದಲಾಯಿಸುವುದು ಮೇಲೆಂದೂ ಅನುಕ್ರಮವಾಗಿ ಮೂರು ಸಲಹೆಗಳನ್ನು ಕೊಟ್ಟರು. ರೆಸಿಸ್ಟರು ತನ್ನ ಪಾಡಿಗೆ ತಾನು ಸುಡುವ ವಸ್ತುವಲ್ಲವೆಂಬುದೇ ಅವರಿಗೂ ನನಗೂ ಹೊಳೆಯದೆ ಹೋದ ಸಂಗತಿ. ಒಣಗಿದ ಬುಷ್ಷಿನಿಂದಾಗಿ ಮೋಟಾರು ಪ್ರಯಾಸಪಟ್ಟು ತಿರುಗಿದಾಗ ಹೆಚ್ಚು ಕರೆಂಟನ್ನು ಎಳೆಯುತ್ತದೆ. ಆ ಹೆಚ್ಚಿನ ಕರೆಂಟು ಸುರುಳಿಗಳನ್ನು ಕಾಯಿಸುತ್ತದೆ. ಎಸಳುಗಳ ನಡುವೆ ಕಸ ತುಂಬಿ ಗಾಳಿಯೂ ಬರದಿದ್ದರೆ ಸುರುಳಿಗಳನ್ನು ತಂಪುಮಾಡುವವರೇ ಇಲ್ಲ. ಸುಟ್ಟುದು ರೆಸಿಸ್ಟರು, ಸುಟ್ಟವನು ಪಕ್ಕದ ಮನೆಯ ಮೋಟಾರು. ಮೋಟಾರನ್ನು ಬಿಟ್ಟು ರೆಸಿಸ್ಟರನ್ನಷ್ಟೇ ಬದಲಾಯಿಸುವವರು ಮರುವರ್ಷ ಮತ್ತೆ ಅದನ್ನೇ ಕೊಳ್ಳಲು ಸಿದ್ಧರಿರಬೇಕು.

ಹಳೆಯ ಸಣ್ಣ ಕಾರುಗಳಲ್ಲಿ ಅನೇಕಕ್ಕೆ, ನನ್ನದಕ್ಕೂ, ಬ್ಲೋಯರು ಇರುವುದು ಎಡಗಡೆಯ ಆಸನದ ಮುಂದೆ, ಕಾಗದಪತ್ರಗಳನ್ನಿಡುವ ಖಾನೆಯ ಹಿಂದೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಟ್ಟು, ಆ ಖಾನೆಯನ್ನು ಹೊರತೆಗೆದು, ಮೋಟಾರಿನ ಪ್ಲಗ್ಗನ್ನು ಕಳಚಿ, ಕೆಳಗಿನಿಂದ ಮೂರು ತಿರುಪುಗಳನ್ನು ಸಡಿಲಿಸಿದರೆ ಮೋಟಾರು ಚಕ್ರಸಮೇತವಾಗಿ ಕೈಗಿಳಿಯುತ್ತದೆ. ಕಾಲಿಡುವೆಡೆಯಲ್ಲಿ ತಲೆಯಿಟ್ಟು, ಕಾಲುಗಳನ್ನು ಆಸನದ ಬೆನ್ನಿನ ಮೇಲೆ ಚಾಚಿ ಮಲಗದೆ ಈ ಕಾರ್ಯ ಸಾಧ್ಯವಿಲ್ಲ. ಹೊಟ್ಟೆ ಬಂದವರು ಮಕ್ಕಳಿಗೆ ಒಪ್ಪಿಸಬಹುದು. ಎಡಗಡೆಯಲ್ಲಿ ಏರ್‌ಬ್ಯಾಗ್ ಇರತಕ್ಕ ಈಚಿನ ಗಾಡಿಯಾದರೆ ಇದಾವುದನ್ನೂ ಮನೆಯಲ್ಲಿ ಮಾಡದೆ ಬಲ್ಲವರ ಬಳಿಗೆ ಒಯ್ಯತಕ್ಕದ್ದು. ಪ್ಲಗ್ಗನ್ನು ಕಳಚಿದಾಗ ಅದರ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಪ್ಲಾಸ್ಟಿಕ್ಕು ಕಂದಿ ಕರಗಿದ್ದರೆ ಅಲ್ಲಿ ಹಿಡಿತ ಸಡಿಲವಾಗಿದೆಯೆಂದು ಅರ್ಥ, ಹೊಸ ಮೋಟಾರನ್ನು ಹಾಕಿದರೂ ಅದು ವಾಸಿಯಾಗುವುದಿಲ್ಲ.

ಮೋಟಾರನ್ನು ಕೆಳಗಿಳಿಸಿದಾಗ ಮೊದಲು ಬಂದದ್ದು ಮೋಟಾರಲ್ಲ. ಒಂದು ಬೊಗಸೆ ರಾಗಿಯ ಹೊಟ್ಟು ನನ್ನ ಮುಖದ ಮೇಲೆ ಸುರಿಯಿತು. ಅದರ ಹಿಂದೆ ಹುರುಳಿಯ ಸಿಪ್ಪೆ, ಹುಣಿಸೆಯ ಒಣ ಎಲೆ, ಇಲಿಯೊಂದು ಯಾವಾಗಲೋ ತಂದಿಟ್ಟಿದ್ದ ಹತ್ತಿಯ ಚೂರು. ನಮ್ಮ ಮಾಗಡಿ ಸೀಮೆಯ ಸಂಪರ್ಕದ ರಸ್ತೆಗಳಲ್ಲಿ ಸುಗ್ಗಿಯ ದಿನಗಳಲ್ಲಿ ಸಂಚರಿಸಿದವರಿಗೆ ಇದರ ಮೂಲವನ್ನು ಹೇಳಬೇಕಾಗಿಲ್ಲ. ಸಗಣಿ ಸಾರಿಸಿದ ಕಣಗಳು ಅಪೂರ್ವವಾಗಿ, ರಾಗಿಯ ತೆನೆಯನ್ನೂ ಹುರುಳಿಯ ಬಳ್ಳಿಯನ್ನೂ ಡಾಂಬರಿನ ಮೇಲೆಯೇ ಹರವಿ, ಹೋಗಿಬರುವ ಗಾಡಿಗಳ ಚಕ್ರದಿಂದ ಒಕ್ಕಣೆ ಮಾಡಿಸಿಕೊಳ್ಳುವುದು ಈಗ ರೂಢಿ. ರೈತನಿಗೆ ಕೂಲಿ ಉಳಿಯುತ್ತದೆ, ನಮಗೆ ಹೊಟ್ಟು ಉಳಿಯುತ್ತದೆ. ಮುಂಗಾಜಿನ ಬುಡದಲ್ಲಿ, ಬಾನೆಟ್ಟು ಮುಗಿಯುವ ಕಡೆ ಕಾಣುವ ಸೀಳುಗಳೇ ಒಳಗಿನ ಗಾಳಿಗೆ ಬಾಗಿಲು. ಆ ಕಾಲದ ಗಾಡಿಗಳಲ್ಲಿ ಒಳಗಾಳಿಯನ್ನು ಸೋಸುವ ಫಿಲ್ಟರು ಸಾಮಾನ್ಯವಾಗಿ ಇರುತ್ತಿರಲಿಲ್ಲವಾದುದರಿಂದ, ಮುಂದಿನ ಗಾಡಿ ಎಬ್ಬಿಸಿದ ಹೊಟ್ಟೆಲ್ಲ ನೇರವಾಗಿ ಬ್ಲೋಯರಿನ ಬಾಯಿಗೆ ಬೀಳುತ್ತದೆ.

ಮೋಟಾರನ್ನು ಹಿಡಿದುಕೊಂಡು ನಾನು ಹೋದುದು ಕಾರಿನ ವರ್ಕ್‌ಷಾಪಿಗಲ್ಲ, ಪಂಪ್‌ಸೆಟ್ಟಿನ ಮೋಟಾರು ಕಟ್ಟುವ ರೀವೈಂಡಿಂಗ್ ಅಂಗಡಿಗೆ. ಬೋರ್‌ವೆಲ್ಲುಗಳಿರುವ ಸೀಮೆಯಲ್ಲಿ ಇಂಥ ಅಂಗಡಿಯಿಲ್ಲದ ಕೂಡುರಸ್ತೆಯಿಲ್ಲ. ತಾಮ್ರದ ತಂತಿ, ವಾರ್ನಿಷಿನ ವಾಸನೆ, ಸುಟ್ಟ ಸ್ಟಾರ್ಟರುಗಳ ರಾಶಿ ಇವುಗಳ ನಡುವೆ ಕುಳಿತ ಆ ಕುಶಲಿಗಳಿಗೆ ಆರ್ಮೇಚರಿನ ಮರ್ಮ ಕಾರಿನ ಮೆಕ್ಯಾನಿಕ್ಕುಗಳಿಗಿಂತ ಚೆನ್ನಾಗಿ ತಿಳಿದಿರುತ್ತದೆಂಬುದು ನನ್ನ ಅನುಭವ. ಅಂಗಡಿಯ ಹಿರಿಯರು ಕನ್ನಡಕವನ್ನು ಹಣೆಗೇರಿಸಿ, ಚಕ್ರವನ್ನು ಒಮ್ಮೆ ಬೆರಳಿನಿಂದ ತಿರುಗಿಸಿ, ಉದುರಿದ ಹೊಟ್ಟನ್ನು ಅಂಗೈಯಲ್ಲಿ ಹಿಡಿದು ಊದಿದರು.

“ಇದು ಬ್ಲೋವರ್ರಾ ಸಾ? ಕಣ ಮಾಡಿವ್ರಲ್ಲ ಇದ್ರೊಳ್ಗೆ!”

“ಮೋಟಾರು ಉಳಿಯುತ್ತದೆಯೇ ಯಜಮಾನರೇ?”

“ಉಳೀದೆ ಏನಾಯ್ತದೆ? ವೈಂಡಿಂಗ್ ಸುಟ್ಟಿಲ್ಲ, ಮೂಸಿ ನೋಡಿ.”

ಮೂಸಿ ನೋಡುವುದು ಹಾಸ್ಯದ ಮಾತಲ್ಲ. ವಾರ್ನಿಷು ಸುಟ್ಟ ಕಮಟು ವಾಸನೆ ಬಂದರೆ ಆರ್ಮೇಚರಿನ ಆಸೆಯನ್ನು ಬಿಡಬೇಕು. ಅಷ್ಟು ಕಿರಿಯ ಆರ್ಮೇಚರನ್ನು ಮತ್ತೆ ಕಟ್ಟಿಸುವ ಕೂಲಿಗೆ ಗುಜರಿಯಲ್ಲಿ ಬೇರೆ ಮೋಟಾರೇ ಬರುತ್ತದೆ. ವಾಸನೆಯಿಲ್ಲದಿದ್ದರೆ ಉಳಿದುದೆಲ್ಲ ಸುಧಾರಿಸತಕ್ಕ ದೋಷಗಳು. ಅವರು ಮೊದಲು ಮಾಡಿದುದು, ಬ್ಯಾಟರಿಯಿಂದ ಎರಡು ತಂತಿಗಳನ್ನು, ಒಂದರ ನಡುವೆ ಫ್ಯೂಸನ್ನು ಸಿಕ್ಕಿಸಿ, ಮೋಟಾರಿಗೆ ನೇರವಾಗಿ ಕೊಟ್ಟುದು. ಅದು ಅಲುಗಾಡಲಿಲ್ಲ; ಮರದ ಹಿಡಿಯಿಂದ ತಟ್ಟಿದೊಡನೆ ಎದ್ದು ಎರಡು ಸುತ್ತು ಹೊಡೆದು, ಕಿಡಿ ಕಾರಿ ನಿಂತಿತು. ಕಾರ್ಬನ್ನೂ ಮುಗಿದಿದೆ, ಬುಷ್ಷೂ ಒಣಗಿದೆಯೆಂದು ಒಂದೇ ಪರೀಕ್ಷೆಯಲ್ಲಿ ಇತ್ಯರ್ಥವಾಯಿತು.

ಚಕ್ರವನ್ನು ದಂಡದಿಂದ ಕಳಚುವ ಮೊದಲು ಎರಡಕ್ಕೂ ಸೇರುವಂತೆ ಬಣ್ಣದಿಂದ ಒಂದು ಗೆರೆ ಎಳೆದರು. ಎಸಳುಗಳಿಗೆ ಅಲ್ಲಲ್ಲಿ ಸಿಕ್ಕಿಸಿರುವ ಪುಟ್ಟ ಲೋಹದ ತುಂಡುಗಳು ತೂಕವನ್ನು ಸಮಮಾಡುವುದಕ್ಕಾಗಿ ಇರತಕ್ಕವು. ಕಸವೆಂದು ಅವನ್ನು ಕಿತ್ತವರ ಡ್ಯಾಶ್‌ಬೋರ್ಡು ಆಮೇಲೆ ಹಿಟ್ಟಿನ ಗಿರಣಿಯಂತೆ ನಡುಗುತ್ತದೆ. ಮೋಟಾರಿನ ಹೊದಿಕೆಯನ್ನು ತೆರೆದಾಗ ಕಾರ್ಬನ್ನುಗಳು ಹೊಸದರಲ್ಲಿದ್ದ ಉದ್ದದ ಮೂರನೆಯ ಒಂದು ಪಾಲಿಗೆ ಇಳಿದಿದ್ದುವು, ಸ್ಪ್ರಿಂಗಿನ ಒತ್ತಡವೇ ಅವಕ್ಕೆ ಸರಿಯಾಗಿ ತಗಲುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಳತೆ ಹೊಂದುತ್ತದೆಂಬ ಒಂದೇ ಕಾರಣಕ್ಕೆ ಮಿಕ್ಸಿಯ ಕಾರ್ಬನ್ನನ್ನು ಉಜ್ಜಿ ಕೂರಿಸುವವರಿದ್ದಾರೆ. ಮಿಕ್ಸಿ 230 ವೋಲ್ಟಿನ ಯಂತ್ರ. ಅದರ ಕಾರ್ಬನ್ನು ವಿದ್ಯುತ್ತಿಗೆ ಹೆಚ್ಚು ತಡೆಯೊಡ್ಡುವ ಜಾತಿಯದು. 12 ವೋಲ್ಟಿನ ಮೋಟಾರಿಗೆ ತಾಮ್ರದ ಪುಡಿ ಬೆರೆತ, ಮುರಿದಲ್ಲಿ ಕೆಂಪು ಛಾಯೆ ಕಾಣುವ ಜಾತಿಯೇ ಬೇಕು. ತಪ್ಪು ಜಾತಿಯದನ್ನು ಹಾಕಿದರೆ ಮೋಟಾರು ಓಡೀತು, ಆದರೆ ಸೋತಂತೆ ಓಡಿ, ಕಾದು, ಬೇಗನೆ ಕೆಡುತ್ತದೆ. ನಮ್ಮ ಹಿರಿಯರು ಡಬ್ಬಿಯಲ್ಲಿ ತಡಕಿ, ಹಳೆಯ ಜೀಪಿನ ವೈಪರ್ ಮೋಟಾರಿನದೆಂದು ಹೇಳಿ ಒಂದು ಜೋಡಿಯನ್ನು ತೆಗೆದು, ಅರದಿಂದ ಅಳತೆಗೆ ತಂದು, ಬಾಲದ ತಂತಿಯನ್ನು ಬೆಸುಗೆ ಹಾಕಿದರು.

ಆಮೇಲೆ ಕಮ್ಯುಟೇಟರು. ಕಾರ್ಬನ್ನು ಸವೆಯುವ ಆ ತಾಮ್ರದ ಉರುಳೆ ಕಪ್ಪುಗಟ್ಟಿ, ಪಟ್ಟಿ ಪಟ್ಟಿಗಳ ನಡುವಿನ ಸಂದಿಗಳಲ್ಲಿ ಮಸಿ ತುಂಬಿಕೊಂಡಿತ್ತು. ಜೀರೋ ನಂಬರಿನ ಉಪ್ಪುಕಾಗದವನ್ನು ಎರಡು ಬೆರಳಗಲ ಕತ್ತರಿಸಿ, ಉರುಳೆಯ ಸುತ್ತ ಸುತ್ತಿ, ಆರ್ಮೇಚರನ್ನು ಬತ್ತಿ ಹೊಸೆಯುವಂತೆ ಹಿಂದಕ್ಕೂ ಮುಂದಕ್ಕೂ ಹೊರಳಿಸಿದರು. ಎಮರಿ ಕಾಗದವನ್ನು ಮುಟ್ಟಲಿಲ್ಲ, ಅದರ ಕಣಗಳು ಸಂದಿಯಲ್ಲಿ ಕುಳಿತು ಪಟ್ಟಿಯಿಂದ ಪಟ್ಟಿಗೆ ಕರೆಂಟನ್ನು ಸೋರಿಸಬಲ್ಲುವಾದ್ದರಿಂದ. ಬಳಿಕ ಬಿದಿರಿನ ಸೀಳೊಂದನ್ನು ಚೂಪುಮಾಡಿ ಒಂದೊಂದು ಸಂದಿಯನ್ನೂ ಕೆದಕಿದರು. ಹತ್ತು ನಿಮಿಷದಲ್ಲಿ ಉರುಳೆಯು ಹುಣಿಸೆಹಣ್ಣಿನಿಂದ ತಿಕ್ಕಿದ ತಂಬಿಗೆಯ ಬಣ್ಣಕ್ಕೆ ತಿರುಗಿತು. ಕೊನೆಗೆ ಉಪ್ಪುಕಾಗದದ ಒರಟು ಮುಖವನ್ನು ಹೊರಗೆ ಮಾಡಿ ಅದೇ ಉರುಳೆಗೆ ಸುತ್ತಿ, ಹೊಸ ಕಾರ್ಬನ್ನನ್ನು ಅದರ ಮೇಲೊತ್ತಿ ತಿರುಗಿಸಿದರು. ಚಪ್ಪಟೆಯಾಗಿದ್ದ ಕಾರ್ಬನ್ನಿನ ಮುಖ ಉರುಳೆಯ ವಕ್ರಕ್ಕೆ ಸರಿಯಾಗಿ ಬಾಗಿ ಕೂತಿತು. ಇಷ್ಟು ತಾಳ್ಮೆ ಇಲ್ಲದವರ ಕೈಯಲ್ಲಿ ಹೊಸ ಕಾರ್ಬನ್ನು ಒಂದೇ ಅಂಚಿನಲ್ಲಿ ತಗುಲಿ ಕಿಡಿಕಾರುತ್ತದೆ.

ಬುಷ್ಷಿಗೆ ಬೇಕಾದುದು ಹೊಲಿಗೆ ಯಂತ್ರದ ಎಣ್ಣೆಯಂಥ ತೆಳುವಾದ ಎಣ್ಣೆ, ಎರಡೋ ಮೂರೋ ತೊಟ್ಟು. ಕಿರಿಯ ರಂಧ್ರಗಳುಳ್ಳ ಆ ಹಿತ್ತಾಳೆ ಬಣ್ಣದ ಬುಷ್ಷು ಎಣ್ಣೆಯನ್ನು ಕುಡಿದಿಟ್ಟುಕೊಂಡು ಬೇಕಾದಾಗ ಒಸರುವಂತೆ ಮಾಡಿದುದು. ಗ್ರೀಸು ಅದರೊಳಕ್ಕೆ ಇಳಿಯುವುದಿಲ್ಲ, ಕೊಬ್ಬರಿ ಎಣ್ಣೆಯಾದರೆ ಚಳಿಗೆ ಹೆಪ್ಪುಗಟ್ಟಿ ಇದ್ದ ರೋಗವನ್ನೇ ಮರಳಿ ತರುತ್ತದೆ. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೆ ಹರಿಯದಂತೆ ಒರೆಸತಕ್ಕದ್ದು.

ಎಲ್ಲವನ್ನೂ ಜೋಡಿಸಿ ಮತ್ತೆ ಬ್ಯಾಟರಿಗೆ ಕೊಟ್ಟಾಗ ಮೋಟಾರು ತಟ್ಟಿಸಿಕೊಳ್ಳದೆ ಓಡಿತು. ಇಲ್ಲಿ ಹಲವರು ಮೋಸಹೋಗುವ ಒಂದು ಸೂಕ್ಷ್ಮವುಂಟು: ತಂತಿಗಳು ಅದಲುಬದಲಾಗಿ ಮೋಟಾರು ಉಲ್ಟಾ ತಿರುಗಿದರೂ, ಈ ಬಗೆಯ ಚಕ್ರ ಗಾಳಿಯನ್ನು ಹೊರಗೇ ನೂಕುತ್ತದೆ, ಆದರೆ ಬಲಹೀನವಾಗಿ. ‘ಗಾಳಿ ಬರುತ್ತಿದೆ, ಏಕೋ ಸಾಲದು’ ಎಂದು ಗೊಣಗುವವರು ತಿರುಗುವ ದಿಕ್ಕನ್ನೊಮ್ಮೆ ನೋಡಿಕೊಳ್ಳಬೇಕು. ಗಾಡಿಯಲ್ಲಿ ಕೂರಿಸಿದ ಮೇಲೆ, ಕೊನೆಯ ಮೆಟ್ಟಿಲಿನಲ್ಲಿ ಓಡಿಸುತ್ತ, ಮೋಟಾರಿನ ಅರ್ಥ್ ಕಡೆಯ ತುದಿಗೂ ಬಾಡಿಯ ಬರಿಯ ಲೋಹಕ್ಕೂ ಮೀಟರನ್ನು ಹಿಡಿದು ನೋಡಿದೆವು. ಅರ್ಧ ವೋಲ್ಟಿನೊಳಗೆ ಇರಬೇಕಾದುದು ಎರಡು ವೋಲ್ಟನ್ನು ಮೀರಿ ತೋರಿತು. ಹುಡುಕಿದಾಗ ಡ್ಯಾಶ್‌ಬೋರ್ಡಿನ ಕೆಳಗಿನ ಅರ್ಥ್ ಬೋಲ್ಟು ಕಿಲುಬುಹಿಡಿದು ಹಸುರಾಗಿತ್ತು. ಅದನ್ನು ಕೆರೆದು ಬಿಗಿಮಾಡಿದ ಬಳಿಕ ಫ್ಯಾನಿನ ದನಿಯೇ ಬೇರೆಯಾಯಿತು. ರೆಸಿಸ್ಟರನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ತಂದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800 ಎಂದು ಯಾವ ನಿಂತುಹೋದ ಗಾಡಿಯ ಹೆಸರನ್ನು ಹೇಳಿದರೂ ಅಲ್ಲಿನವರು ಮುಖ ಸಿಂಡರಿಸುವುದಿಲ್ಲ, ಮೊದಲು ಹಳೆಯದನ್ನು ತೋರಿಸಿ ಎನ್ನುತ್ತಾರೆ. ಆದುದರಿಂದ ಸುಟ್ಟ ರೆಸಿಸ್ಟರನ್ನು ಎಸೆಯದೆ ಕೈಯಲ್ಲಿ ಹಿಡಿದುಕೊಂಡೇ ಹೋಗತಕ್ಕದ್ದು.

ಮುಂಗಾಜು ಮಸುಕಾದಾಗ ಗುಂಡಿಗಳನ್ನು ಹೇಗಿಡಬೇಕೆಂಬುದನ್ನೂ ಹೇಳಿಬಿಡುತ್ತೇನೆ. ಗಾಳಿಯ ದಿಕ್ಕು ಗಾಜಿನ ಕಡೆಗೆ, ಶಾಖ ಪೂರ್ತಿಯಾಗಿ, ಹೊರಗಿನ ಗಾಳಿ ಒಳಬರುವಂತೆ ಸನ್ನೆ. ಒಳಗಿನ ಗಾಳಿಯೇ ಸುತ್ತುವಂತೆ ಇಟ್ಟರೆ ನಮ್ಮ ಉಸಿರನ್ನು ನಾವೇ ಗಾಜಿಗೆ ಬಳಿದಂತಾಗುತ್ತದೆ. ಏಸಿ ಇದ್ದರೆ ಶಾಖದ ಜೊತೆಗೆ ಅದನ್ನೂ ಹಾಕಬೇಕು. ತಂಪಿಗಾಗಿ ಅಲ್ಲ, ಗಾಳಿಯ ತೇವವನ್ನು ಅದು ನೀರಾಗಿಸಿ ಹೊರಗೆ ಚೆಲ್ಲುವುದರಿಂದ. ಒರೆಸಿ ನೋಡಿದಾಗ ಹನಿ ಗಾಜಿನ ಹೊರಗಡೆ ಇದ್ದರೆ ಬ್ಲೋಯರಿಗೆ ತೊಂದರೆ ಕೊಡದೆ ವೈಪರನ್ನು ಹಾಕುವುದು.

ಮುಂಗಾಜಿನ ಬುಡದ ಸೀಳುಗಳ ಒಳಗಡೆ, ಸೊಳ್ಳೆಪರದೆಯಷ್ಟು ಸಣ್ಣದಲ್ಲದ, ಜರಡಿಯ ಕಣ್ಣಿನಂಥ ತಂತಿಜಾಲರಿಯ ತುಂಡನ್ನು ಕತ್ತರಿಸಿ ಕೂರಿಸಿದ್ದೇನೆ. ಸಣ್ಣ ಕಣ್ಣಿನದಾದರೆ ಎರಡೇ ದಿನದಲ್ಲಿ ಹೊಟ್ಟಿನಿಂದ ಮುಚ್ಚಿಹೋಗುತ್ತದೆ. ಅದರ ಕೆಳಗೆ ಮಳೆನೀರು ಇಳಿದುಹೋಗುವ ತೂತನ್ನು ಮುಂಗಾರಿಗೆ ಮೊದಲು ಒಂದು ಕಡ್ಡಿಯಿಂದ ತಿವಿದು ನೋಡುವುದನ್ನು ಮರೆಯಬಾರದು, ಅದು ಕಟ್ಟಿದರೆ ನೀರೆಲ್ಲ ಮೋಟಾರಿನ ಮೇಲೆ ಇಳಿಯುತ್ತದೆ.

ಮಾರನೆಯ ವಾರ ಮತ್ತೆ ಅದೇ ದಾರಿ, ಅದೇ ಮಂಜು, ಹಿಂದಿನ ಆಸನದಲ್ಲಿ ಅದೇ ಇಬ್ಬರು. ಗುಂಡಿಯನ್ನು ಎರಡನೆಯ ಮೆಟ್ಟಿಲಿಗೆ ತಿರುಗಿಸಿದಾಗ ಗಾಜು ಬುಡದಿಂದ ಮೇಲಕ್ಕೆ, ಅರ್ಧಚಂದ್ರಾಕೃತಿಯಲ್ಲಿ, ನಿಧಾನವಾಗಿ ತಿಳಿಯಾಗುತ್ತ ಬಂದು, ಹ್ಯಾಂಡ್‌ಪೋಸ್ಟಿನ ಹೋಟೆಲಿನ ಒಲೆಯ ಹೊಗೆ ಕಾಣಿಸಿತು. ಪೆಟ್ಟಿಗೆಯ ಮೂಲೆಯಲ್ಲಿ ಎಲ್ಲೋ ಉಳಿದಿದ್ದ ಹೊಟ್ಟು ಮಾತ್ರ ಗಾಳಿಯೊಡನೆ ಹಾರಿಬಂದು ನಮ್ಮ ಮೇಲೆ ಉದುರಿತು. ಅತ್ತೆಯವರು ಸೆರಗನ್ನು ಕೊಡವಿಕೊಂಡು, ಅದರಲ್ಲಿ ಎರಡು ಕಾಳು ರಾಗಿಯನ್ನು ಆರಿಸಿ, ಸೆರಗಿನ ತುದಿಗೆ ಕಟ್ಟಿಕೊಂಡರು.